ಹೆಸರು ಹೇಳದ ಸ್ಟಾಪು

ಕಟ್‌ಕಟ್, ಕಟ್‌ಕಟ್.

ಬಸ್ ಕಂಡಕ್ಟರನ ಕೈಯಲ್ಲಿರುತ್ತಿದ್ದ ಆ ಪಂಚಿಂಗ್ ಇಕ್ಕಳದ ಸದ್ದು ಈಗಿನವರಿಗೆ ಗೊತ್ತಿಲ್ಲ. ಈಗ ಎದೆಯ ಮೇಲೆ ತೂಗಾಡುವ ಡಬ್ಬಿಯೊಂದು ಕುಂಯ್ ಎಂದು ಚೀಟಿ ಉಗುಳುತ್ತದೆ, ಮುಗಿಯಿತು. ಆಗ ಹಾಗಲ್ಲ. ಟಿಕೆಟಿಗೆ ತೂತು ಹೊಡೆಯುವ ಕೆಲಸ ಇಲ್ಲದಾಗಲೂ ಕಂಡಕ್ಟರ್ ಸುಮ್ಮನಿರುತ್ತಿರಲಿಲ್ಲ. ಗಾಳಿಗೇ ತೂತು ಹೊಡೆಯುತ್ತ ಬಸ್ಸಿನ ತುಂಬ ಓಡಾಡುತ್ತಿದ್ದ. ಮಾನ್ವಿಯ ಬಸ್ಸು ರಾಯಚೂರು ಮುಟ್ಟುವುದಕ್ಕೆ ಸ್ವಲ್ಪ ಮೊದಲು ಆ ಕಟ್‌ಕಟ್ ಜೋರಾಗುತ್ತಿತ್ತು. ಹಿಂದೆಯೇ ಕೂಗು: "ಮಾಳಪ್ಪನಗರಾ! ಯಾರದರೀ ಮಾಳಪ್ಪನಗರಾ! ಲಗೂನ ಇಳೀರಿ!"

ಎಂಬತ್ತರ ದಶಕದಲ್ಲಿ ಆ ಹೆಸರನ್ನು ದಿನಕ್ಕೆ ಎಷ್ಟು ಬಾಯಿಗಳು ಹೇಳಿದವೋ ದೇವರಿಗೇ ಗೊತ್ತು. ಹೇಳದ ಬಾಯಿ ಒಂದೇ ಇತ್ತು. ಆ ಬಾಯಿಯವಳು ಇಳಿಯುತ್ತಿದ್ದದ್ದು ಮಾತ್ರ ಅದೇ ಸ್ಟಾಪಿನಲ್ಲಿ.

ಇದೆಲ್ಲ ಈಗ ಯಾಕೆ ನೆನಪಾಯಿತೆಂದರೆ, ಮೊನ್ನೆ ಟ್ರಂಕು ಕೆದರುವಾಗ ಒಂದು ಏರ್‌ಮೇಲ್ ಲಕೋಟೆ ಸಿಕ್ಕಿತು. ಅಂಚಿಗೆ ಕೆಂಪು ನೀಲಿ ಪಟ್ಟಿ. ಸ್ಟಾಂಪು ಇರಬೇಕಾದಲ್ಲಿ ಒಂದು ಚೌಕದ ಕಿಟಕಿ. ಸ್ಟಾಂಪು ಯಾರು ಕಿತ್ತುಕೊಂಡರು ಎಂಬ ಬಗ್ಗೆ ನನಗೆ ಆಗಲೂ ಅನುಮಾನವಿತ್ತು, ಈಗಲೂ ಇದೆ. ನಮ್ಮ ಪೋಸ್ಟ್‌ಮನ್ನಿಗೆ ಸ್ಟಾಂಪ್ ಕೂಡಿಡುವ ಹವ್ಯಾಸವಿತ್ತು, ಅಷ್ಟು ಹೇಳಿ ಸುಮ್ಮನಾಗುತ್ತೇನೆ. ನಾನು ಹುಟ್ಟಾ ಅನುಮಾನದವಳು. ಹಾಲಿನವಳು ಅಳೆದ ಹಾಲನ್ನು ಬೆರಳಿಗೆ ಹಚ್ಚಿ ನೋಡದೆ ಒಳಗೆ ಒಯ್ದವಳಲ್ಲ. ನೀವೂ ಹಾಗೇ ಇದ್ದರೆ ನಮ್ಮಿಬ್ಬರಿಗೂ ಚೆನ್ನಾಗಿ ಹೊಂದುತ್ತದೆ.

ಲಕೋಟೆ ಡಾರ್ಲೀನಳದು. ರಾಯಚೂರಿನ ಕಾನ್ವೆಂಟಿನಲ್ಲಿ ನಾನು ಓದುವಾಗ ನಮ್ಮ ಇಂಗ್ಲಿಷ್ ಸಿಸ್ಟರ್ ಹುಡುಗಿಯರಿಗೆಲ್ಲ ಒಬ್ಬೊಬ್ಬ ಪೆನ್‌ಫ್ರೆಂಡನ್ನು ಹಂಚಿದ್ದರು. ಪ್ರಸಾದ ಹಂಚಿದ ಹಾಗೆ, ಆರಿಸಿಕೊಳ್ಳುವ ಹಾಗಿಲ್ಲ. ನನ್ನ ಪಾಲಿಗೆ ಬಂದವಳು ಅಮೆರಿಕದ ಯಾವುದೋ ಜೋಳದ ಹೊಲಗಳ ನಡುವಿನ ಹುಡುಗಿ. ಜೋಳ ಎಂದೊಡನೆ ನಮ್ಮೂರಿನ ಕಡೆಯವಳೇ ಎನ್ನಿಸಿ ಖುಷಿಯಾಗಿತ್ತು. ಅದು ಮುಸುಕಿನ ಜೋಳ, ಅದೂ ದನಕ್ಕೆ ಹಾಕುವುದು ಎಂದು ಆಮೇಲೆ ತಿಳಿಯಿತು. ಅವಳ ವಿಳಾಸದಲ್ಲಿ 'ಟಾಲ್‌ಮನ್ ಕೌಂಟಿ' ಎಂದಿರುತ್ತಿತ್ತು. ಕೌಂಟಿ ಎಂದರೆ ನಮ್ಮ ಜಿಲ್ಲೆಯ ಹಾಗೆ. ಟಾಲ್‌ಮನ್ ಯಾರು ಎಂದು ಕೇಳಿದೆ. ಅವಳು ಬರೆದಳು: 'ಯುದ್ಧದಲ್ಲಿ ಮಡಿದ ಒಬ್ಬ ಲೆಫ್ಟಿನೆಂಟ್. ಅವನ ಗೌರವಾರ್ಥ ನಮ್ಮ ಕೌಂಟಿಗೆ ಈ ಹೆಸರು. ಯಾವ ಯುದ್ಧವೋ ಗೊತ್ತಿಲ್ಲ, ಸಾರಿ.'

ಅಪ್ಪನಿಗೆ ಓದಿ ಹೇಳಿದೆ. ಅಪ್ಪ ಮಾನ್ವಿಯ ತಾಲೂಕು ಕಚೇರಿಯಲ್ಲಿ ಶಿರಸ್ತೇದಾರರು. ನಾನು ರಾಯಚೂರಿನ ಹಾಸ್ಟೆಲಿನಿಂದ ರಜೆಗೆ ಮಾನ್ವಿಗೆ ಹೋಗುತ್ತಿದ್ದೆ. ಅವರು ಓದಿದ್ದು ನಿಜಾಮರ ಕಾಲದ ಉರ್ದು ಮೀಡಿಯಂ. ಉರ್ದುವಿನಲ್ಲಿ ಮುತ್ತು ಪೋಣಿಸಿದ ಹಾಗೆ ಬರೆಯುವ ಮನುಷ್ಯ ಇಂಗ್ಲಿಷ್ ಕಾಗದ ಕಂಡರೆ ಕನ್ನಡಕ ಒರೆಸಲು ಶುರುಮಾಡುತ್ತಿದ್ದರು.

"ಒಂದು ಇಡೀ ಜಿಲ್ಲಾಕ್ಕ ಸತ್ತಾಂವನ ಹೆಸರು ಇಟ್ಟಾರ?" ಎಂದರು. "ಏನೋ ಗಡಬಡಿ ಅದ. ಬದುಕಿದ್ದಾಗ ಆ ಬಡಪಾಯಿಗಿ ಏನೋ ಕೊಡೂದು ತಪ್ಪಿಸ್ಯಾರ."

ಆ ವರ್ಷದ, ಅಂದರೆ ಎಪ್ಪತ್ತೊಂದರ, ಡಿಸೆಂಬರಿನಲ್ಲಿ ಪೂರ್ವದ ಕಡೆ ನಮ್ಮ ಯುದ್ಧವಾಯಿತು. ಕ್ರಿಸ್ಮಸ್ ರಜೆಗೆ ನಾನು ಮಾನ್ವಿಗೆ ಬಂದಿದ್ದೆ. ಯುದ್ಧ ಮುಗಿದು ಕೆಲವೇ ದಿನ. ಅಪ್ಪ ಮಟಮಟ ಮಧ್ಯಾಹ್ನ ಇಬ್ಬರನ್ನು ಮನೆಗೆ ಕರೆದುಕೊಂಡು ಬಂದರು. ಹೆಗಲ ಮೇಲೆ ಕರಿ ಕಂಬಳಿಯ ಒಬ್ಬ ಮುದುಕ, ಹಿಂದೆ ಅವನ ಸೊಸೆ. ಮಲ್ಲಟದವರು, ಕುರಿ ಸಾಕುವ ಮನೆತನ. ಮುದುಕನ ಮಗ ಮಿಲಿಟರಿಯಲ್ಲಿ ಆಫೀಸರನಾಗಿದ್ದ. ಆ ಕಡೆಯ ಹಳ್ಳಿಗಳಲ್ಲಿ ಅದೊಂದು ಅದ್ಭುತವೇ. ಸೊಸೆಗೆ ನನಗಿಂತ ನಾಕೈದು ವರ್ಷ ಹೆಚ್ಚಿರಬಹುದು. ಹೆಸರು ಹುಲಿಗೆವ್ವ. ಕೈಯಲ್ಲಿ ತಂತಿಯ ಕಾಗದ.

"ನಮ್ಮ ಹುಡುಗಿ ಕಾನ್ವೆಂಟಿನ್ಯಾಗ ಓದ್ತಾಳ. ಇಕಿ ಓದ್ತಾಳ ತಡೀರಿ," ಎಂದರು ಅಪ್ಪ.

ನಾನು ಓದಿದೆ. ಎಲೊಕ್ಯೂಶನ್ ಕಾಂಪಿಟಿಶನ್ನಿನಲ್ಲಿ ಓದಿದ ಹಾಗೆ, ಪ್ರತಿ ಶಬ್ದವನ್ನೂ ತೂಗಿ. ಈಗ ನೆನೆದರೆ ನನಗೇ ನಾನು ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ಕ್ಯಾಪ್ಟನ್ ಮಾಳಪ್ಪ ಕಾಣೆಯಾಗಿದ್ದಾರೆ, ತೀರಿಕೊಂಡಿದ್ದಾರೆಂದು ನಂಬಲಾಗಿದೆ. ಮುದುಕ ಕೂತಲ್ಲೇ ಕುಸಿದ. ಸೊಸೆ ಅಳಲಿಲ್ಲ. ಕಾಗದವನ್ನೇ ನೋಡುತ್ತಿದ್ದಳು.

"ನಂಬಿದೋರು ಯಾರು?" ಎಂದು ಕೇಳಿದಳು.

"ಸರ್ಕಾರದವರು," ಅಂದೆ.

"ನೋಡಿದೋರು ಯಾರು?"

ಕಾಗದ ತಿರುಗಿಸಿ ಹಿಂದೆಯೂ ನೋಡಿದೆ. ಅದನ್ನು ಬರೆದಿರಲಿಲ್ಲ.

"ನೋಡಿದೋರು ಬಂದು ಹೇಳಲಿ," ಎಂದು ಕಾಗದ ಮಡಚಿ ಕುಬುಸದೊಳಗೆ ಇಟ್ಟುಕೊಂಡು ಮಾವನ ರಟ್ಟೆ ಹಿಡಿದು ಎಬ್ಬಿಸಿದಳು. ಅಮ್ಮ ತಂದ ಮಜ್ಜಿಗೆ ಹಾಗೇ ಉಳಿಯಿತು.

ಅಮ್ಮನ ಬಗ್ಗೆ ಇಲ್ಲೇ ಒಂದು ಮಾತು ಹೇಳಿಬಿಡಬೇಕು. ಅಪ್ಪನ ಹೆಸರು ಸೋಮಣ್ಣ. ಗಂಡನ ಹೆಸರು ಬಾಯಲ್ಲಿ ಬರಬಾರದಲ್ಲ, ಹಾಗಾಗಿ ನಮ್ಮ ಅಮ್ಮನ ವಾರದಲ್ಲಿ ಸೋಮವಾರವೇ ಇರಲಿಲ್ಲ. 'ಆದಿತ್ವಾರದ ಮರುದಿನ' ಎನ್ನುತ್ತಿದ್ದಳು. ಜನಗಣತಿಯವರು ಬಂದು ಯಜಮಾನರ ಹೆಸರು ಕೇಳಿದರೆ ಬಾಗಿಲ ಮೇಲಿನ ನೇಮ್‌ಪ್ಲೇಟು ತೋರಿಸುತ್ತಿದ್ದಳು. ಹೆಸರು ಹೇಳಿದರೆ ಗಂಡನ ಆಯುಷ್ಯ ಸವೆಯುತ್ತದಂತೆ. 'ಹೌ ಬ್ಯಾಕ್‌ವರ್ಡ್!' ಎಂದು ನಾನು ಕಾನ್ವೆಂಟಿನ ಗೆಳತಿಯರ ಮುಂದೆ ನಗಾಡಿದವಳು. ಡಾರ್ಲೀನಳಿಗೂ ಬರೆದು ನಗಿಸಿದ್ದೆ. ಇಷ್ಟು ಗೊತ್ತಿದ್ದವಳು ಮುಂದೆ ಮಾಡಿದ್ದು ಏನು ನೋಡಿ.

ಏಳೆಂಟು ವರ್ಷ ಕಳೆದಿರಬೇಕು. ನಾನು ರಾಯಚೂರಿನ ಶಾಲೆಯೊಂದರಲ್ಲಿ ಟೀಚರ್ ಆಗಿದ್ದೆ. ಅಪ್ಪ ರಿಟೈರಾಗಿ ಮಾನ್ವಿ ರಸ್ತೆಯಲ್ಲಿ, ಊರ ಹೊರಗಿನ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದ್ದರು. ಮನೆಗಳು ಎದ್ದಿದ್ದವು, ಬಡಾವಣೆಗೆ ಹೆಸರಿರಲಿಲ್ಲ. ಹೆಸರಿಡಲು ನಮ್ಮ ಮನೆಯ ಪಡಸಾಲೆಯಲ್ಲೇ ಸಂಘದ ಮೀಟಿಂಗು. ಒಬ್ಬರು ತಮ್ಮ ಮನೆದೇವರ ಹೆಸರಿಡಿ ಎಂದರು; ಇನ್ನೊಬ್ಬರ ಮನೆದೇವರು ಬೇರೆ. ಅಧ್ಯಕ್ಷರಾದ ವಕೀಲರು ಮಂತ್ರಿಯೊಬ್ಬರ ಹೆಸರು ಹೇಳಿದರು. ಅವರು ಮುಂದಿನ ಚುನಾವಣೆಯಲ್ಲಿ ಸೋತರೆ ನಲ್ಲಿ ನೀರು ಬರಲಿಕ್ಕಿಲ್ಲ ಎಂದು ಯಾರೋ ಅನುಮಾನ ತೆಗೆದರು.

ಆಗ ನಾನು ಎದ್ದು ನಿಂತು ಟಾಲ್‌ಮನ್ ಕೌಂಟಿಯ ಭಾಷಣ ಬಿಗಿದೆ. ಅಲ್ಲಿ ಮಡಿದ ಒಬ್ಬ ಸಣ್ಣ ಲೆಫ್ಟಿನೆಂಟಿಗೆ ಇಡೀ ಜಿಲ್ಲೆಯನ್ನೇ ಕೊಟ್ಟಿದ್ದಾರೆ. ನಮ್ಮದೇ ಮಲ್ಲಟದ ಕ್ಯಾಪ್ಟನ್ನಿಗೆ ನಾವು ನಲವತ್ತು ಮನೆ ಕೊಡಲಾರೆವೇ? ತಂತಿ ಓದಿದವಳು ನಾನೇ ಎಂದೂ ಸೇರಿಸಿದೆ. ಚಪ್ಪಾಳೆ ಬಿತ್ತು. ಹುತಾತ್ಮ ಕ್ಯಾಪ್ಟನ್ ಮಾಳಪ್ಪ ನಗರ ಎಂದಾಯಿತು. ಮೂಲೆಯಲ್ಲಿದ್ದ ಸಂಘದ ಎರಡು ಖೋಲಿಯ ಮನೆಯೊಂದನ್ನು ಕ್ಯಾಪ್ಟನ್ನರ ಪತ್ನಿಗೆ ಕೊಡುವುದು, ಬೋರ್ಡು ಅವರ ಕೈಯಿಂದಲೇ ತೆರೆಸುವುದು ಎಂದೂ ಆಯಿತು. ಒಂದು ವಾರ ನಾನು ನೆಲದ ಮೇಲೆ ನಡೆಯಲಿಲ್ಲ.

ಹುಲಿಗೆವ್ವ ಮಲ್ಲಟದಲ್ಲಿ ಇರಲಿಲ್ಲ. ಮಾವ ತೀರಿಕೊಂಡ ಮೇಲೆ ದೇವದುರ್ಗದ ಹತ್ತಿರದ ತವರಿಗೆ ಹೋಗಿ, ಅಣ್ಣನ ಮನೆಯ ಹಿಂದಿನ ದನದ ಕೊಟ್ಟಿಗೆಯ ಪಕ್ಕ ಒಂದು ಮೂಲೆಯಲ್ಲಿ ಇದ್ದಳಂತೆ. ಆ ಎರಡು ಖೋಲಿಗಳು ಅವಳಿಗೆ ಏನಾಗಿದ್ದವು ಎಂದು ನೀವೇ ಅಂದಾಜು ಮಾಡಿ. ಸುದ್ದಿ ಮುಟ್ಟಿ, ಒಂದು ದಿನ ಮೀಟಿಂಗಿನ ಹೊತ್ತಿಗೆ ಗಂಟು ಹಿಡಿದುಕೊಂಡು ನಮ್ಮ ಪಡಸಾಲೆಯ ಹೊಸ್ತಿಲಲ್ಲಿ ನಿಂತಳು.

ಎಲ್ಲರ ಕಣ್ಣು ಅವಳ ಹಣೆಗೆ ಹೋಯಿತು. ಕಾಸಿನಗಲದ ಕುಂಕುಮ. ಕೈ ತುಂಬ ಹಸಿರು ಬಳೆ. ತುರುಬಿನಲ್ಲಿ ಹೂವು.

ವಕೀಲರು ಕನ್ನಡಕ ಏರಿಸಿದರು. "ಕಾಗದ ಪತ್ರ ಏನರೆ ಅದ ಏನವ್ವಾ? ಪೆನ್ಶನ್ ಬುಕ್ಕು?"

"ಇಲ್ರೀ. ಅದರಾಗ ವಿಧವಿ ಅಂತ ಬರದಿತ್ತಂತ. ಹೆಬ್ಬಟ್ಟು ಒತ್ತೂದಿಲ್ಲ ಅಂದೆ."

"ಹಂ. ನಿನ್ನ ಗಂಡನ ಹೆಸರೇನು?"

ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ನಿಮಗ ಗೊತ್ತದಲ್ಲರೀ."

"ನಮಗ ಗೊತ್ತದ. ನಿನಗ ಗೊತ್ತದೇನು ಅಂತ ಕೇಳಾಕತ್ತೀನಿ."

"ಗಂಡ ನನಗ ಯಪ್ಪಾ, ನಿಮಗಲ್ಲ. ನನಗ ಗೊತ್ತಿರದ ಇರ್ತದೇನ್ರಿ?"

ಹಿಂದೆ ಯಾರೋ ಕಿಸಕ್ಕೆಂದರು. ವಕೀಲರಿಗೆ ಕೋರ್ಟಿನಲ್ಲಿ ಸಾಕ್ಷಿ ತಿರುಗಿಬಿದ್ದ ಹಾಗಾಯಿತು.

"ಹಂಗಾದ್ರ ಹೇಳು."

"ಅವರ ಹೆಸರು ಹೆಂಗ ಹೇಳ್ಲಿ?"

"ನೋಡವ್ವಾ, ಗಂಡ ಇದ್ದಾಕಿ ಹೇಳಬಾರದು, ಒಪ್ಪಿದೆ. ನಿನಗ ಈಗ ಏನು ಅಡ್ಡಿ? ನಮ್ಮ ಓಣ್ಯಾಗೇ ಗಂಡ ಸತ್ತೋರು ಇಬ್ರು ಮೂವರು ಅದಾರ. ಕಚೇರ್ಯಾಗ ನಿಂತು ಗಟ್ಟಿಯಾಗಿ ಹೇಳ್ತಾರ."

"ಅವರು ಗಂಡ ಸತ್ತೋರು," ಎಂದಳು ಹುಲಿಗೆವ್ವ.

ವಕೀಲರು ನಮ್ಮ ಕಡೆ ತಿರುಗಿ, ಅವಳಿಗೆ ಕೇಳುವ ಹಾಗೆಯೇ ಪಿಸುಗುಟ್ಟಿದರು. "ನನಗ್ಯಾಕೋ ಡೌಟು. ಮನಿ ಆಸೆಕ್ಕ ಯಾರೋ ಕಲಿಸಿ ಕಳಿಸ್ಯಾರ. ಹೆಸರು ನಾವು ಹೇಳಿದ್ರ ಯಾರು ಬೇಕಾದ್ರೂ ಹೌದು ಅಂತಾರ." ಆಮೇಲೆ ನನ್ನನ್ನು ನೋಡಿದರು. "ಟೀಚರ್, ತಂತಿ ಓದಿದ್ದು ನೀವಲ್ಲ? ಅವತ್ತು ಬಂದಾಕಿ ಇಕೀನೇನು?"

ಹುಲಿಗೆವ್ವ ನನ್ನ ಕಡೆ ನೋಡಿದಳು.

ಗುರುತು ಸಿಕ್ಕಿತ್ತು. ಹೊಸ್ತಿಲಲ್ಲಿ ನಿಂತಾಗ ಸಿಕ್ಕಿರಲಿಲ್ಲ, ಅದು ನಿಜ. ಆದರೆ 'ಅವರು ಗಂಡ ಸತ್ತೋರು' ಎಂದ ಆ ದನಿಯಲ್ಲಿ 'ನೋಡಿದೋರು ಯಾರು' ಎಂದ ಹುಡುಗಿ ಹಾಗೇ ಇದ್ದಳು. ಹೌದು ಎನ್ನಲು ಬಾಯಿ ತೆರೆದೆ. ತೆರೆದ ಬಾಯಿಯಲ್ಲಿ ಲೆಕ್ಕಾಚಾರ ನುಗ್ಗಿತು. ಇವಳೇ ಹೆಂಡತಿಯಾದರೆ, ಹೆಂಡತಿಯ ಪ್ರಕಾರ ಗಂಡ ಸತ್ತಿಲ್ಲ. ಸತ್ತಿಲ್ಲವಾದರೆ ನನ್ನ ಹುತಾತ್ಮ ಎಲ್ಲಿ? ನನ್ನ ಭಾಷಣ, ನನ್ನ ಚಪ್ಪಾಳೆ, ನನ್ನ ಪುಟ್ಟ ಟಾಲ್‌ಮನ್ ಕೌಂಟಿ ಎಲ್ಲಿ?

"ಐ ಆಮ್ ನಾಟ್ ಹಂಡ್ರೆಡ್ ಪರ್ಸೆಂಟ್ ಶೂರ್," ಅಂದೆ.

ಇಂಗ್ಲಿಷಿನಲ್ಲಿ ಯಾಕೆ ಹೇಳಿದೆ ಎಂದು ನಿಮಗೆ ಅನುಮಾನ ಬರಬೇಕು. ಬರಲಿ. ಅವಳಿಗೆ ತಿಳಿಯದಿರಲಿ ಅಂತ. ಸುಳ್ಳು ಹೇಳಬಾರದೆಂದು ಹತ್ತು ವರ್ಷ ಕಲಿಸಿದ ಸಿಸ್ಟರುಗಳ ಭಾಷೆಯಲ್ಲೇ ಹೇಳಿದೆ.

ನಮ್ಮನ್ನು ಉಳಿಸಿದವರು ಅಪ್ಪ. ಮೂಲೆಯ ಆರಾಮ ಕುರ್ಚಿಯಿಂದಲೇ ಮೆಲ್ಲಗೆ, "ತಾಯಿ, ಒಡಪಿನ್ಯಾಗ ಹೇಳ್ತಿಯೇನು?" ಎಂದರು.

ಒಡಪು ಎಂದರೆ ಗೊತ್ತಲ್ಲ? ಮದುವೆ, ಸೀಮಂತದಲ್ಲಿ ಹೆಂಗಸರು ಎರಡು ಸಾಲಿನ ಪ್ರಾಸದೊಳಗೆ ಗಂಡನ ಹೆಸರು ಅಡಗಿಸಿ ಹೇಳುತ್ತಾರಲ್ಲ, ಅದು. ಹಾಗೆ ಹೇಳಿದರೆ ದೋಷವಿಲ್ಲ. ನಮ್ಮ ಅಮ್ಮ ಸೋಮವಾರವನ್ನು ಕೂಡ ಒಡಪಿನಲ್ಲಿ ಮಾತ್ರ ಒಪ್ಪುತ್ತಿದ್ದಳು.

ಹುಲಿಗೆವ್ವ ಗಂಟು ಕೆಳಗಿಟ್ಟಳು. ಸೆರಗು ತಲೆಯ ಮೇಲೆ ಎಳೆದುಕೊಂಡಳು. ಮದುವೆಯ ಚಪ್ಪರದಲ್ಲಿ ನಿಂತವಳ ಹಾಗೆ ಕಣ್ಣು ನೆಲಕ್ಕಿಟ್ಟು, ಆದರೆ ದನಿ ತಗ್ಗಿಸದೆ ಹೇಳಿದಳು:

"ತುಂಬಿದ ಹೊಳಿಯಾಗ ತೇಲಿ ಹೊಂಟದ ಹರಗೋಲ,
ಮಾಳಪ್ಪನವರು ಈ ದಂಡಿಗಿ ಬರೂತನ ಬಾಡೂದಿಲ್ಲ ನನ್ನ ಮುಡಿ ಹೂವಿನ ಮಾಲ."

ಅಡುಗೆಮನೆಯ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದ ಅಮ್ಮ, "ಬರೋಬ್ಬರಿ ಹೇಳಿದಿ ಯವ್ವಾ!" ಎಂದುಬಿಟ್ಟಳು.

"ಆತಲ್ಲ ವಕೀಲ್ ಸಾಹೇಬ್ರ!" ಎಂದರು ಅಪ್ಪ.

"ಆತು ಹೆಂಗ ಆಗ್ತದ್ರಿ? ಒಡಪು ಹೇಳಾಕಿ ಮುತ್ತೈದಿ. ಮುತ್ತೈದಿ ಗಂಡ ಹುತಾತ್ಮ ಹೆಂಗ ಆಗ್ತಾನ?"

ಇದು ನೋಡಿ ನಾವು ಮಾಡಿಕೊಂಡ ಪರಿಸ್ಥಿತಿ. ಅವಳು ಹೆಂಡತಿ ಎಂಬ ಸಾಕ್ಷಿ ಸಿಕ್ಕಿತು. ಸಿಕ್ಕ ಸಾಕ್ಷಿಯೇ ಅವನು ಸತ್ತಿಲ್ಲ ಎಂದೂ ಹೇಳಿತು. ಚಹಾ ಆರಿಹೋಯಿತು. ಹುಲಿಗೆವ್ವನೇ ಕೇಳಿದಳು. "ಬೋರ್ಡಿನ್ಯಾಗ ಏನು ಬರಸ್ತೀರಿ?"

ನಾನು ಓದಿ ಹೇಳಿದೆ. ಅಮೆರಿಕದ ಕಥೆಯನ್ನೂ ಹೇಳಿದೆ. ಅವಳು ತಲೆ ಅಲ್ಲಾಡಿಸಿದಳು. "ನಮ್ಮೂರ ಹೊರಗೂ ಕಲ್ಲು ಅದಾವ್ರೀ, ಕತ್ತಿ ಹಿಡದೋರವು. ಎಲ್ಲಾ ಸತ್ತೋರವೇ. ಕಲ್ಲು ನಿಲ್ಲಿಸಿ ನೀವು ಇವರನ್ನ ಸತ್ತೋರ ಲೆಕ್ಕಕ್ಕ ಹಾಕಾಕತ್ತೀರಿ. ಅಮೇರಿಕಾದಾಂವನ ಹೆಂಡ್ತಿ ಏನಂದ್ಳು?"

ಗೊತ್ತಿಲ್ಲ ಎಂದೆ. ಅವನಿಗೆ ಹೆಂಡತಿ ಇದ್ದಳೇ ಎಂದು ನಾನು ಡಾರ್ಲೀನಳನ್ನು ಎಂದೂ ಕೇಳಿರಲಿಲ್ಲ.

ಹುಲಿಗೆವ್ವ ಬಾಗಿಲಾಚೆಯ ರಸ್ತೆಯ ಕಡೆ ನೋಡಿದಳು. ಆಮೇಲೆ, "ಬೋರ್ಡು ರೋಡಿಗಿ ಕಾಣ್ತದೇನ್ರಿ?"

"ಕಾಣ್ತದ."

"ಬಸ್ಸಿನ್ಯಾಗ ಕುಂತೋರಿಗಿ?"

"ಚಂದ ಕಾಣ್ತದ."

"ಹಂಗಾದ್ರ ಬರಸ್ರಿ. ಮೊದಲ್ನೇ ಶಬ್ದ ಒಂದು ಬ್ಯಾಡ. ಅವರು ರೈಲು ಇಳದು ಮಲ್ಲಟಕ್ಕ ಹೋಗೂ ಬಸ್ಸು ಇದೇ ದಾರಿಲೆ ಹೋಗ್ತದ. ತಮ್ಮ ಹೆಸರು ಕಂಡ್ರ ಇಳೀತಾರ. ನಾ ಇಲ್ಲೇ ಇರ್ತೀನಿ."

ನಾವು ಸ್ಮಾರಕ ಕಟ್ಟಲು ಹೊರಟಿದ್ದೆವು. ಅವಳು ಅದನ್ನು ದಾರಿ ತೋರುವ ಕೈಕಂಬ ಮಾಡಿಕೊಂಡಳು. ಪೇಂಟರ್ ಆಗಲೇ ಪೂರ್ತಿ ಬರೆದು ಮುಗಿಸಿದ್ದರಿಂದ 'ಹುತಾತ್ಮ'ದ ಮೇಲೆ ಬಿಳಿ ಬಣ್ಣ ಬಳಿಸಿದ್ದಾಯಿತು. ಹೀಗಾಗಿ ನಮ್ಮ ಬೋರ್ಡಿನ ಎಡಗಡೆ ಒಂದು ಖಾಲಿ ಜಾಗ. ಬೇಸಿಗೆಗೆ ಬಣ್ಣ ಸುಲಿದು ಆ ಶಬ್ದ ಮೆಲ್ಲಗೆ ಇಣುಕುತ್ತಿತ್ತು. ದಸರಾಕ್ಕೆ ಮನೆಗೆ ಸುಣ್ಣ ಹಚ್ಚುವಾಗ ಹುಲಿಗೆವ್ವ ಸ್ಟೂಲು ತಂದು, ಮಿಕ್ಕ ಸುಣ್ಣವನ್ನು ಅದೊಂದರ ಮೇಲೆ ಬಳಿದು ಇಳಿಯುತ್ತಿದ್ದಳು. ವಕೀಲರು ಕಿಟಕಿಯಿಂದ ನೋಡಿ ಹಲ್ಲು ಕಡಿಯುತ್ತಿದ್ದರು. ಪ್ರತಿ ವರ್ಷ.

ಇನ್ನೊಂದು ತೊಂದರೆ ನಮಗ್ಯಾರಿಗೂ ಹೊಳೆದಿರಲಿಲ್ಲ. ಗಂಡನ ಹೆಸರಿನ ಊರಲ್ಲಿ ಇರುವವಳು ತಾನಿರುವ ಊರು ಯಾವುದೆಂದು ಹೇಗೆ ಹೇಳಬೇಕು? ಟಾಂಗಾದವನಿಗೆ "ಟೀಚರಮ್ಮನ ಮನಿ ಕಡಿ ನಡಿಯಪ್ಪ" ಎನ್ನುತ್ತಿದ್ದಳು. ನಾನು ಪ್ರಸಿದ್ಧಳೆಂದು ಅವಳ ಭಾವನೆ. ಬಸ್ಸಿನಲ್ಲಿ ಹಳೆಯ ಕಂಡಕ್ಟರುಗಳು ಅವಳ ಮುಖ ಕಂಡರೆ ಕೇಳದೆ ಟಿಕೆಟಿಗೆ ತೂತು ಹೊಡೆಯುತ್ತಿದ್ದರು. ಹೊಸಬ ಬಂದರೆ ಪೇಚಾಟ.

"ಎಲ್ಲಿಗವ್ವಾ?"

"ನಮ್ಮವರ ಊರಿಗಿ."

"ನಿಮ್ಮವರ ಊರು ಯಾವುದು ಬೇ?"

ಬಸ್ಸಿಗೆ ಬಸ್ಸೇ ಕೂಗುತ್ತಿತ್ತು: "ಮಾಳಪ್ಪನಗರ ಕೊಡೋ ಮಾರಾಯ!" ಒಮ್ಮೆ ಯಾರೂ ಪರಿಚಯದವರಿರದೆ ರಾಯಚೂರು ಬಸ್‌ಸ್ಟ್ಯಾಂಡಿನವರೆಗೂ ಹೋಗಿ, ಉರಿ ಬಿಸಿಲಲ್ಲಿ ನಡೆದುಕೊಂಡು ವಾಪಸ್ ಬಂದಳು.

"ಒಂದು ಸಲ ಹೇಳಿದ್ರ ಏನಾಗ್ತದ ಹುಲಿಗೆವ್ವ? ಅದು ಊರಿನ ಹೆಸರು," ಅಂದೆ ನಾನು, ನೀರು ಕೊಡುತ್ತ.

"ಊರಿಗಿ ಆ ಹೆಸರು ಬಂದದ್ದು ಎಲ್ಲಿಂದ ಅಕ್ಕೋರ?" ಎಂದಳು. ಟೀಚರಿಗೆ ಆ ಕಡೆ ಅಕ್ಕೋರು ಎನ್ನುತ್ತಾರೆ. ನೀರು ಕುಡಿದು ಲೋಟ ಕೆಳಗಿಟ್ಟು, ಅದೇ ದನಿಯಲ್ಲಿ ಸೇರಿಸಿದಳು: "ಅವತ್ತು ನೀವು ನನ್ನ ಗುರ್ತು ಹಿಡಿದಿದ್ರಿ. ನಾ ನೋಡಿದೆ. ಇಂಗ್ಲಿಷ್ ತಿಳೀದಿದ್ರೂ ಮಾರಿ ನೋಡಿದ್ರ ತಿಳೀತದ್ರಿ."

ಅಷ್ಟು ಹೇಳಿ ಲೋಟ ತೊಳೆದಿಟ್ಟು ಹೋದಳು. ಆ ರಾತ್ರಿಯೇ ಕೂತು ಡಾರ್ಲೀನಳಿಗೆ ಕಾಗದ ಬರೆದೆ: ನಿಮ್ಮ ಲೆಫ್ಟಿನೆಂಟಿಗೆ ಹೆಂಡತಿ ಇದ್ದಳೇ? ಅವಳು ಏನೆಂದಳು? ಎಷ್ಟೋ ತಿಂಗಳ ಮೇಲೆ ಉತ್ತರ ಬಂತು. ಮೊನ್ನೆ ಸಿಕ್ಕ ಲಕೋಟೆ ಅದೇ. ಲೈಬ್ರರಿಯಲ್ಲಿ ಹುಡುಕಿದಳಂತೆ. 'ಅವನು ಮಡಿದ ಎಂದಷ್ಟೇ ಇದೆ, ಬೇರೇನೂ ಇಲ್ಲ. ಇಲ್ಲಿ ಇದನ್ನು ಯಾರೂ ಯಾವತ್ತೂ ಕೇಳಿಯೇ ಇಲ್ಲ.' ಒಂದು ಜಿಲ್ಲೆಗೆ ಜಿಲ್ಲೆಯೇ ಅವನ ಹೆಸರು ಹೇಳುತ್ತದೆ, ಅವನು ಯಾರಿಗೂ ಗೊತ್ತಿಲ್ಲ. ನಮ್ಮಲ್ಲಿ ಮಾಳಪ್ಪನನ್ನು ಬಲ್ಲವಳು ಒಬ್ಬಳೇ, ಅವಳು ಹೆಸರು ಹೇಳುವುದಿಲ್ಲ. ಈ ಎರಡರಲ್ಲಿ ಗೌರವ ಯಾವುದು ಎಂದು ಲಕೋಟೆ ಹಿಡಿದು ಎಷ್ಟು ಹೊತ್ತು ಕೂತರೂ ನನಗೆ ತೀರ್ಮಾನವಾಗಿಲ್ಲ.

ಬೋರ್ಡು ನೋಡಿ ಒಬ್ಬ ಮನುಷ್ಯ ಇಳಿದದ್ದು ಶಕ್ತಿನಗರದಲ್ಲಿ ಪವರ್ ಸ್ಟೇಶನ್ ಶುರುವಾದ ಮೇಲೆ. ಒಂದು ಭಾನುವಾರ ಬೆಳಿಗ್ಗೆ ಖಾಕಿ ಪ್ಯಾಂಟಿನ, ಗಿರಿಜಾ ಮೀಸೆಯ ಒಬ್ಬ ನಮ್ಮ ಗೇಟಿನ ಹತ್ತಿರ ನಿಂತು ತೆಲುಗು ಬೆರೆತ ಕನ್ನಡದಲ್ಲಿ ಕೇಳಿದ: "ಅಮ್ಮಾ, ಈ ಬೋರ್ಡಿನ ಕ್ಯಾಪ್ಟನ್ ಸಾಬ್ ಯಾವೂರವರು? ಕುರಿ ಸಾಕೋ ಮನೆಯವರಾ?" ತಾನು ಮಾಜಿ ಹವಾಲ್ದಾರ, ಈಗ ಶಕ್ತಿನಗರದಲ್ಲಿ ಕಾವಲು ಕೆಲಸ, ಮಾನ್ವಿಗೆ ಹೊರಟವನು ಬೋರ್ಡು ಕಂಡು ಬಸ್ಸು ನಿಲ್ಲಿಸಿ ಇಳಿದೆ ಎಂದ.

ನನ್ನ ಅನುಮಾನ ಸುಮ್ಮನಿರುತ್ತದೆಯೇ? ಯಾವ ಪಲ್ಟನ್ನು, ಐಡೆಂಟಿಟಿ ಕಾರ್ಡ್ ಎಲ್ಲಿ, ಇಷ್ಟು ವರ್ಷ ಎಲ್ಲಿದ್ದೆ ಎಂದು ವಕೀಲರನ್ನೂ ಮೀರಿಸಿ ಕೇಳಿದೆ. ಅಷ್ಟರಲ್ಲಿ ಹುಲಿಗೆವ್ವ ಬಂದು ನಿಂತಿದ್ದಳು. ನನ್ನನ್ನು ಕೈಯಿಂದ ಸರಿಸಿದಳು.

"ಮಂದಿನ್ನ ಒಂದುಕಡಿ ಕೂಡಿಸಬೇಕಾದ್ರ ಅವರು ಹೆಂಗ ಕರೀತಿದ್ರು?"

ಆ ದೊಡ್ಡ ಮೀಸೆಯ ಮನುಷ್ಯ ನಕ್ಕುಬಿಟ್ಟ. ನಾಲಗೆಯನ್ನು ಅಂಗುಳಕ್ಕೆ ಒತ್ತಿ, "ಠ್ರ್ರ್ರ್... ಹೋಯ್! ಠ್ರ್ರ್ರ್... ಹೋಯ್!" ಎಂದ. "ಮಂಜಿನಲ್ಲಿ ವಿಸಿಲ್ ಊದಬಾರದು ಅಲ್ಲಮ್ಮಾ? ಸಾಬ್ ಹೀಗೇ ಕರೀತಿದ್ರು. ನಾವು ಕುರಿಗಳ ಹಾಗೆ ಬರ್ತಿದ್ವಿ."

ಮಲ್ಲಟದ ಬಯಲಲ್ಲಿ ಕುರಿ ಕರೆಯುವ ಸದ್ದು ಅದು. ಹುಲಿಗೆವ್ವ ಮೆಟ್ಟಿಲ ಮೇಲೆ ಕುಳಿತಳು. ಸೆರಗು ತಲೆಗೆ ಎಳೆದುಕೊಂಡಳು.

"ನೀವು ನೋಡೀರೇನು?"

ಅವನ ನಗು ಹೋಯಿತು. "ನೋಡಿದೀನಮ್ಮಾ."

"ಕಣ್ಣಿಲೆ?"

"ಈ ಕಣ್ಣಿಲೆ. ನದಿ ದಾಟುವಾಗ. ಎದೆಗೆ ಗುಂಡು ಬಿತ್ತು. ನಾನೇ ಹಿಡಿದಿದ್ದೆ. ನೀರು ಬಲವಾಗಿತ್ತು, ಕೈ ಜಾರಿತು."

"ಕೈ ಜಾರೂಮುಂದ ಜೀವ ಇತ್ತೇನು?"

"ಇಲ್ಲಮ್ಮಾ. ಇದ್ದಿದ್ರೆ ಬಿಡ್ತಿರಲಿಲ್ಲ."

ಅವನನ್ನೇ ನೋಡುತ್ತ ಕೂತಳು. ನಾನು ಅವಳ ಮುಖದಲ್ಲಿ ಅನುಮಾನ ಹುಡುಕಿದೆ. ಬೇಕಾಗಿತ್ತು ನನಗೆ, ಸ್ವಲ್ಪವಾದರೂ. ಇರಲಿಲ್ಲ. ಎದ್ದು, "ರೊಟ್ಟಿ ಬಡೀತೀನಿ, ಉಂಡು ಹೋಗ್ರಿ," ಎಂದಳು. ಅವನು ತಲೆ ತಗ್ಗಿಸಿ ಉಂಡ. ರೊಟ್ಟಿ ಬಡಿಯುವ ಸದ್ದು ನಮ್ಮ ಮನೆಗೂ ಕೇಳುತ್ತಿತ್ತು, ಬಹಳ ಹೊತ್ತಿನವರೆಗೆ. ಒಬ್ಬ ಮನುಷ್ಯ ಉಣ್ಣುವುದಕ್ಕಿಂತ ಬಹಳ ಹೆಚ್ಚು ರೊಟ್ಟಿ.

ಅದೇ ವರ್ಷ ನನ್ನ ಮದುವೆಯಾಗಿ ಮಾನ್ವಿಗೆ ಹೋದೆ. ಅಪ್ಪ ಅಮ್ಮ ನನ್ನ ಜೊತೆಗೇ ಬಂದರು. ಬಡಾವಣೆಯ ಮನೆ ಮಾರಿದೆವು. ದಸರೆ ಕಳೆದ ಮೇಲೆ, ಕೊಂಡವರಿಗೆ ಕೀಲಿ ಕೊಡಲು ಒಂದು ಬೆಳಿಗ್ಗೆ ನಾನು ರಾಯಚೂರಿನ ಬಸ್ಸು ಹತ್ತಿದೆ. ಬಸ್ಸು ಬಿಡುವ ಹೊತ್ತಿಗೆ ಹುಲಿಗೆವ್ವ ಹತ್ತಿದಳು. ಒದ್ದೆ ಸೀರೆಯ ಗಂಟು ಕೈಯಲ್ಲಿತ್ತು.

"ಚೀಕಲಪರ್ವಿಗಿ ಹೋಗಿದ್ದೆ ಅಕ್ಕೋರ. ಹೊಳಿಗಿ," ಎಂದು ಪಕ್ಕದಲ್ಲಿ ಕೂತಳು. ಅಷ್ಟೇ ಹೇಳಿದಳು. ನಾನು ಅವಳ ಹಣೆ ನೋಡಲಿಲ್ಲ, ಕೈ ನೋಡಲಿಲ್ಲ. ಕಿಟಕಿಯಾಚೆ ನೋಡುತ್ತ ಕೂತೆ. ಜನ್ಮದಲ್ಲಿ ಮೊದಲ ಸಲ ನನಗೆ ಏನನ್ನೂ ಖಾತ್ರಿ ಮಾಡಿಕೊಳ್ಳಬೇಕು ಅನ್ನಿಸಲಿಲ್ಲ.

ಕಟ್‌ಕಟ್, ಕಟ್‌ಕಟ್. ಕಂಡಕ್ಟರ್ ಬಂದ. ಹೊಸ ಹುಡುಗ, ಅವಳ ಮುಖ ಗೊತ್ತಿಲ್ಲದವನು.

"ಎಲ್ಲಿಗ್ರೀ ಯವ್ವಾ?"

ವರ್ಷಗಳ ರೂಢಿ. ಅವಳ ಪರವಾಗಿ ಹೇಳಲು ನಾನು ಬಾಯಿ ತೆರೆದೆ. ಹುಲಿಗೆವ್ವ ನನ್ನ ಮೊಣಕಾಲ ಮೇಲೆ ಕೈ ಇಟ್ಟಳು. ತಣ್ಣಗಿತ್ತು ಕೈ.

"ಮಾಳಪ್ಪ ನಗರ," ಎಂದಳು. "ಒಂದು."

ಅವನಿಗೇನು ಗೊತ್ತು? ತೂತು ಹೊಡೆದು ಟಿಕೆಟು ಕೊಟ್ಟು ಮುಂದಿನ ಸೀಟಿಗೆ ಹೋದ. ಅವಳು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ನಾನು ಮೊದಲು ಊರೊಳಗಿನ ಬ್ಯಾಂಕಿಗೆ ಹೋಗಿ ಆಮೇಲೆ ಬಡಾವಣೆಗೆ ಬರುವವಳಿದ್ದೆ, ಆದ್ದರಿಂದ ಅವಳೊಬ್ಬಳೇ ಇಳಿದಳು. ಮಧ್ಯಾಹ್ನ ಕೀಲಿ ಕೊಡಲು ಬಂದಾಗ ಆ ಎರಡು ಖೋಲಿಗೆ ಬೀಗ ಹಾಕಿತ್ತು. ಕಾದರೆ ಸಿಗುತ್ತಿದ್ದಳೇನೋ. ನಾನು ಕಾಯಲಿಲ್ಲ.

ಹಾಗಾಗಿ ನನಗೆ ಉಳಿದಿರುವುದು ಬಸ್ಸಿನ ಕಿಟಕಿಯಿಂದ ಕಂಡದ್ದಷ್ಟೇ. ಬೋರ್ಡಿನ ಎಡಗಡೆಯ ಶಬ್ದ ಪೂರ್ತಿ ಮೇಲೆದ್ದು ನಿಂತಿತ್ತು. ಆ ದಸರೆಗೆ ಅದಕ್ಕೆ ಯಾರೂ ಸುಣ್ಣ ಬಳಿದಿರಲಿಲ್ಲ. ಅವಳು ಅದರ ಕಡೆ ಕತ್ತೆತ್ತಲಿಲ್ಲ. ಒದ್ದೆ ಗಂಟನ್ನು ಸೊಂಟಕ್ಕೆ ಒತ್ತಿಕೊಂಡು, ದಾರಿ ಗೊತ್ತಿರುವವಳ ಹಾಗೆ ಬೋರ್ಡಿನ ಕೆಳಗಿನಿಂದ ಒಳಗೆ ನಡೆದುಹೋದಳು.